ನಿದ್ದೆ, ಮೊಬೈಲು ಮತ್ತು ಗೆಳೆಯರು

ಮಕ್ಕಳೇ, ನಿನ್ನೆ ರಾತ್ರಿ ನೀವು ಎಷ್ಟು ಗಂಟೆಗೆ ಮಲಗಿದಿರಿ? ಇವತ್ತು ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದಿರಿ? ಎಷ್ಟು ಗಂಟೆ ನಿದ್ದೆಯಾಯಿತೆಂದು ಲೆಕ್ಕ ಹಾಕಿ, ಉತ್ತರವನ್ನು ಈ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿಡಿ. ಲೇಖನದ ಕೊನೆಯಲ್ಲಿ ಅದು ಬೇಕಾಗುತ್ತದೆ.

6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ಬೇಕು. ನಿದ್ದೆಯ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ವೈದ್ಯರ ಸಂಸ್ಥೆಯೊಂದು 2016ರಲ್ಲಿ ಹಲವಾರು ಸಂಶೋಧನೆಗಳನ್ನು ಪರಿಶೀಲಿಸಿ ಹೀಗೆ ಹೇಳಿತು. ನಿಮ್ಮ ಅಂಚಿನ ಸಂಖ್ಯೆ ಇದಕ್ಕಿಂತ ಕಡಿಮೆ ಇದೆಯೇ?

ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಶಾಲೆಗಳಲ್ಲಿ ಈ ಪ್ರಶ್ನೆ ಕೇಳಿದರೆ ಆರನೇ ತರಗತಿಯವರು ಥಟ್ಟನೆ ಕೈ ಎತ್ತುತ್ತಾರೆ. ಎಂಟನೇ ತರಗತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ಆ ನಗುವಿನ ಹಿಂದೆ ಬಹಳ ಸಲ ಒಂದು ಮೊಬೈಲು ಇರುತ್ತದೆ. ಫೋನು ಅಪ್ಪನದೋ ಅಣ್ಣನದೋ ಆಗಿರಬಹುದು. ಆದರೆ ರಾತ್ರಿ ಊಟವಾದ ಮೇಲೆ ಅದು ಯಾರ ಕೈಯಲ್ಲಿರುತ್ತದೆ ಎಂಬುದು ನಿಮಗೇ ಗೊತ್ತು!

ಈ ಫೋನು ನಿಮ್ಮ ಕೈಗೆ ಬಂದದ್ದು ನಿಮ್ಮ ತಪ್ಪಿನಿಂದಲ್ಲ. 2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದವು. ಆಗ ವಠಾರದಲ್ಲಿ, ಗುಡಿಯ ಕಟ್ಟೆಯ ಮೇಲೆ ವಿದ್ಯಾಗಮ ನಡೆಯಿತು. ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು. ಉಳಿದ ಪಾಠ, ಹೋಂವರ್ಕು ಎಲ್ಲಾ ಮೊಬೈಲಿಗೇ ಬಂತು. ಪಾಠಕ್ಕಾಗಿ ಬಂದ ಫೋನು ಶಾಲೆ ತೆರೆದ ಮೇಲೂ ಮನೆಯಲ್ಲೇ ಉಳಿಯಿತು. 2024ರ ಅಸರ್ ಸಮೀಕ್ಷೆಯು ದೇಶದ ಹಳ್ಳಿಗಳ 14ರಿಂದ 16 ವರ್ಷದ ಮಕ್ಕಳನ್ನು ಮಾತನಾಡಿಸಿತು. ಅವರಲ್ಲಿ ಶೇಕಡ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಹೀಗೆ ಬಳಸಲು ಬಲ್ಲವರಲ್ಲಿ ಹಿಂದಿನ ಒಂದು ವಾರದಲ್ಲಿ ಅದನ್ನು ಓದಿಗೆ ಬಳಸಿದವರು ಶೇಕಡ 57, ಸಾಮಾಜಿಕ ಜಾಲತಾಣಗಳಿಗೆ ಬಳಸಿದವರು ಶೇಕಡ 76.

ಸರಿ, ಫೋನಿಗೂ ನಿದ್ದೆಗೂ ಏನು ಸಂಬಂಧ? "ಮೊಬೈಲಿನ ಬೆಳಕು ಕಣ್ಣಿಗೆ ಬಿದ್ದರೆ ನಿದ್ದೆ ಬರುವುದಿಲ್ಲ" ಎಂದು ನೀವು ಕೇಳಿರುತ್ತೀರಿ. ಇದು ನಿಜವೇ, ಎಷ್ಟರ ಮಟ್ಟಿಗೆ ನಿಜ ಎಂದು ನೋಡೋಣ.

ದೇಹದೊಳಗಿನ ಗಡಿಯಾರ

ಮುಟ್ಟಿದರೆ ಮುನಿ ಗಿಡ ಹಗಲಿನಲ್ಲಿ ಎಲೆ ಬಿಚ್ಚಿಕೊಂಡು ರಾತ್ರಿ ಮಡಚಿಕೊಳ್ಳುತ್ತದೆ. 1729ರಲ್ಲಿ ಫ್ರಾನ್ಸ್ ದೇಶದ ದ ಮೆರಾನ್ ಎಂಬ ವಿಜ್ಞಾನಿ ಈ ಗಿಡವನ್ನು ಕತ್ತಲೆಯಲ್ಲಿ ಇಟ್ಟು ನೋಡಿದ. ಬಿಸಿಲು ಸೋಕದಿದ್ದರೂ ಗಿಡ ಹಗಲಾದಾಗ ಎಲೆ ಬಿಚ್ಚಿತು, ರಾತ್ರಿಯಾದಾಗ ಮಡಚಿತು. ಅಂದರೆ ಗಿಡದೊಳಗೇ ಒಂದು ಗಡಿಯಾರ ಇದೆ! ಇಂಥ ಜೈವಿಕ ಗಡಿಯಾರ ನೊಣಕ್ಕೂ ಇದೆ, ನಮಗೂ ಇದೆ. ಹಣ್ಣಿನ ನೊಣದಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಗೋಡೆ ಗಡಿಯಾರ ನಿಧಾನವಾದರೆ ನಾವು ಮುಳ್ಳು ತಿರುಗಿಸಿ ಸರಿಮಾಡುತ್ತೇವೆ. ಜೈವಿಕ ಗಡಿಯಾರದ ಮುಳ್ಳನ್ನು ತಿರುಗಿಸುವವರು ಯಾರು? ಮುಖ್ಯವಾಗಿ ಬೆಳಕು. ಮೊಳಕಾಲ್ಮುರು ರೇಷ್ಮೆ ಸೀರೆ ನಿಮಗೆಲ್ಲಾ ಗೊತ್ತು. ಆ ಸೀರೆಯ ಎಳೆ ಕೊಡುವ ಹುಳುವನ್ನು ಸಾಕುವವರನ್ನು ಕೇಳಿ ನೋಡಿ. ಮೊಟ್ಟೆ ಒಡೆಯುವ ಒಂದೆರಡು ದಿನ ಮೊದಲು ಅವರು ಮೊಟ್ಟೆಯ ಹಾಳೆಗಳನ್ನು ಕತ್ತಲೆಯಲ್ಲಿ ಇಡುತ್ತಾರೆ. ಒಡೆಯುವ ದಿನ ಬೆಳಿಗ್ಗೆ ಬೆಳಕಿಗೆ ತೆರೆಯುತ್ತಾರೆ. ಬೆಳಕು ಬಿದ್ದ ಸ್ವಲ್ಪ ಹೊತ್ತಿನಲ್ಲೇ ಮರಿಗಳು ಒಟ್ಟಿಗೆ ಹೊರಬರುತ್ತವೆ. ಎಲ್ಲವೂ ಒಂದೇ ದಿನ ಹುಟ್ಟಿದರೆ ಸೊಪ್ಪು ಹಾಕುವುದು, ಮೇಲ್ವಿಚಾರಣೆ ಎಲ್ಲಾ ಸುಲಭ. ರೈತರು ಇದನ್ನು ಜೀವವಿಜ್ಞಾನ ಎಂದು ಕರೆಯದಿರಬಹುದು, ಆದರೆ ಮಾಡುತ್ತಿರುವುದು ಅದನ್ನೇ.

ನಮ್ಮ ಗಡಿಯಾರ ಮಿದುಳಿನಲ್ಲಿ, ಎರಡೂ ಕಣ್ಣುಗಳ ನರಗಳು ಅಡ್ಡ ಹಾಯುವ ಜಾಗದ ಸ್ವಲ್ಪ ಮೇಲೆ ಇದೆ. ಕಣ್ಣಿನ ಅಕ್ಷಿಪಟಲದಲ್ಲಿ ದಂಡ ಕೋಶಗಳು, ಶಂಕು ಕೋಶಗಳು ಇವೆ ಎಂದು ಓದುತ್ತೀರಲ್ಲವೇ? ಇವಲ್ಲದೆ ಬೆಳಕನ್ನು ಗುರುತಿಸುವ ಇನ್ನೊಂದು ಬಗೆಯ ಕೋಶಗಳೂ ಅಲ್ಲಿವೆ ಎಂದು 2002ರಲ್ಲಿ ವಿಜ್ಞಾನಿಗಳು ತೋರಿಸಿದರು. ಇವುಗಳ ಮುಖ್ಯ ಕೆಲಸ ಚಿತ್ರ ನೋಡುವುದಲ್ಲ, "ಈಗ ಹಗಲೋ ರಾತ್ರಿಯೋ" ಎಂದು ಮಿದುಳಿನ ಗಡಿಯಾರಕ್ಕೆ ವರದಿ ಕೊಡುವುದು. ನೀಲಿ ಬೆಳಕಿಗೆ ಇವು ಹೆಚ್ಚು ಸ್ಪಂದಿಸುತ್ತವೆ. ಹಗಲಿನ ಆಕಾಶದಲ್ಲಿ ನೀಲಿ ಹೆಚ್ಚು. ಫೋನಿನ ಬಿಳಿ ಪರದೆಯಲ್ಲೂ ನೀಲಿ ಸಾಕಷ್ಟಿದೆ.

ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. "ಇನ್ನು ರಾತ್ರಿಯಾಯಿತು" ಎಂದು ದೇಹಕ್ಕೆ ಸಾರುವ ತಳವಾರ ಇದು. ಮಲಗುವ ಹೊತ್ತಿನಲ್ಲಿ ಕಣ್ಣಿಗೆ ಬೆಳಕು ಬಿದ್ದರೆ ಮೆಲಟೋನಿನ್ ಕಡಿಮೆಯಾಗುತ್ತದೆ. ಮಕ್ಕಳ ಕಣ್ಣಿನ ಪಾಪೆ ದೊಡ್ಡದು, ಮಸೂರ ತಿಳಿಯಾದದ್ದು. ಆದ್ದರಿಂದ ದೊಡ್ಡವರಿಗಿಂತ ಮಕ್ಕಳಿಗೆ ಇದರ ಪರಿಣಾಮ ಹೆಚ್ಚು.

ಇನ್ನೊಂದು ಸಂಗತಿ ಇದೆ. ಹದಿಹರೆಯ ಶುರುವಾದಾಗ ಈ ಗಡಿಯಾರ ತಾನಾಗಿಯೇ ಸ್ವಲ್ಪ ಹಿಂದೆ ಬೀಳುತ್ತದೆ. ಹತ್ತು ವರ್ಷದಲ್ಲಿ ಒಂಬತ್ತು ಗಂಟೆಗೇ ತೂಕಡಿಸುತ್ತಿದ್ದ ಹುಡುಗಿಗೆ ಹದಿನಾಲ್ಕರಲ್ಲಿ ಹತ್ತೂವರೆಯಾದರೂ ನಿದ್ದೆ ಬರುವುದಿಲ್ಲ. ಇದು ಸೋಮಾರಿತನವಲ್ಲ. ದೇಹವೇ ಬದಲಾಗುತ್ತಿರುತ್ತದೆ. ಆದರೆ ಶಾಲೆಯ ಗಂಟೆ ಹಿಂದೆ ಬೀಳುವುದಿಲ್ಲ, ಮನೆಯಲ್ಲಿ ನೀರು ಹಿಡಿಯುವ ಹೊತ್ತೂ ಬದಲಾಗುವುದಿಲ್ಲ. ಹೀಗೆ ಮೊದಲೇ ಕೊರತೆಯಲ್ಲಿರುವ ನಿದ್ದೆಗೆ ಫೋನು ಬಂದು ಸೇರಿಕೊಳ್ಳುತ್ತದೆ.

ಬೆಳಕಿನ ಪಾಲು ಎಷ್ಟು?

ಅಮೆರಿಕದ ಬಾಸ್ಟನ್ ನಗರದಲ್ಲಿ 12 ಜನ ಯುವಕ ಯುವತಿಯರ ಮೇಲೆ ಒಂದು ಪ್ರಯೋಗ ನಡೆಯಿತು. ಅದರ ಫಲಿತಾಂಶ 2015ರ ಆರಂಭಕ್ಕೆ ಅಚ್ಚಾಯಿತು. ಮಲಗುವ ಮುಂಚೆ ನಾಲ್ಕು ಗಂಟೆ ಓದಬೇಕು. ಐದು ರಾತ್ರಿ ಕಾಗದದ ಪುಸ್ತಕ, ಐದು ರಾತ್ರಿ ಪ್ರಕಾಶಮಾನವಾದ ಪರದೆ. ಪರದೆ ನೋಡಿದ ರಾತ್ರಿಗಳಲ್ಲಿ ಮೆಲಟೋನಿನ್ ಕಡಿಮೆಯಾಗಿತ್ತು. ನಿದ್ದೆ ಹತ್ತಲು ಸರಾಸರಿ ಸುಮಾರು 10 ನಿಮಿಷ ಹೆಚ್ಚು ಬೇಕಾಯಿತು.

ಹತ್ತೇ ನಿಮಿಷ! ನಾಲ್ಕು ಗಂಟೆ ಪರದೆ ನೋಡಿದ್ದಕ್ಕೆ ಹತ್ತು ನಿಮಿಷ. ಮಕ್ಕಳಿಗೆ ಇದು ಹೆಚ್ಚೇ ಇರಬಹುದು. ಆದರೂ ಹತ್ತು ಗಂಟೆಗೆ ಮಲಗಬೇಕಾದ ಹುಡುಗ ಹನ್ನೆರಡಕ್ಕೆ ಮಲಗಿದರೆ ಉಳಿದ ಹೊತ್ತು ಎಲ್ಲಿ ಹೋಯಿತು? ಬೆಳಕಿನ ಲೆಕ್ಕ ಇಲ್ಲಿ ಸಾಲುವುದಿಲ್ಲ. ಪರದೆಯನ್ನು ಹಳದಿ ಬಣ್ಣಕ್ಕೆ ತಿರುಗಿಸಿಕೊಂಡರೆ ಎಲ್ಲಾ ಸರಿಯಾಯಿತು ಎನ್ನುವವರೂ ಇದ್ದಾರೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಉಳಿದ ಹೊತ್ತನ್ನು ತೆಗೆದುಕೊಂಡವರು ಯಾರೆಂದು ತಿಳಿಯಲು ಬಾವಲಿಗಳ ಗವಿಯೊಂದಕ್ಕೆ ಹೋಗೋಣ.

ತಮಿಳುನಾಡಿನ ಮಧುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಎಂ.ಕೆ. ಚಂದ್ರಶೇಖರನ್ ಎಂಬ ವಿಜ್ಞಾನಿ ಇದ್ದರು. ಮುಂದೆ ಅವರು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಕೆಲಸ ಮಾಡಿದರು. ಅವರಿಗೆ ಜೈವಿಕ ಗಡಿಯಾರವೆಂದರೆ ಪ್ರಾಣ. ಅವರು ಮತ್ತು ಮಾರಿಮುತ್ತು ಮುಂತಾದ ಅವರ ಜೊತೆಗಾರರು ಕೀಟ ತಿನ್ನುವ ಸಣ್ಣ ಬಾವಲಿಗಳನ್ನು ಆರಿಸಿಕೊಂಡರು. ಗವಿಯ ಒಳಗೆ, ಬೆಳಕೇ ಬಾರದ ಕಡೆ ಒಂದು ಬಾವಲಿಯನ್ನು ಗೂಡಿನಲ್ಲಿ ಇಟ್ಟರು. ಸುತ್ತಲಿನ ಬಾವಲಿಗಳು ಸಂಜೆ ಹೊರಗೆ ಹಾರಿ ಮುಂಜಾನೆ ಮರಳುತ್ತಿದ್ದವು. ಗೂಡಿನ ಬಾವಲಿಗೆ ಸೂರ್ಯ ಕಾಣದಿದ್ದರೂ ಅದು ಇತರ ಬಾವಲಿಗಳ ಹೊತ್ತಿಗೇ ಸರಿಯಾಗಿ ಎಚ್ಚರಗೊಂಡು ಹಾರಾಡುತ್ತಿತ್ತು. ಬೇರೆ ಬಾವಲಿಗಳೇ ಇಲ್ಲದ ಗವಿಯಲ್ಲಿ ಒಂಟಿಯಾಗಿ ಇಟ್ಟಾಗ ಮಾತ್ರ ಅದರ ಹೊತ್ತು ದಿನದಿಂದ ದಿನಕ್ಕೆ ಜಾರತೊಡಗಿತು. ಈ ಸಂಶೋಧನೆ 1981ರಲ್ಲಿ ಪ್ರಕಟವಾಯಿತು. ಆ ಬಾವಲಿಯ ಗಡಿಯಾರವನ್ನು ತಿರುಗಿಸುತ್ತಿದ್ದದ್ದು ಅದರ ಸಂಗಡಿಗರು!

ನಾವು ಬಾವಲಿಗಳಲ್ಲ, ನಿಜ. ನಮ್ಮ ಮಿದುಳಿನ ಗಡಿಯಾರಕ್ಕೆ ಬೆಳಕೇ ಮುಖ್ಯ. ಆದರೆ ಹಾಸಿಗೆಗೆ ಯಾವಾಗ ಹೋಗುತ್ತೀರಿ ಎಂಬುದನ್ನು ನಿರ್ಧರಿಸುವಲ್ಲಿ ನಿಮ್ಮ ಸಂಗಡಿಗರ ಪಾಲು ಸಣ್ಣದಲ್ಲ.

ಐವರು ಗೆಳತಿಯರು, ಇಪ್ಪತ್ತು ಗಂಟೆ ಸದ್ದು

ಹೀಗೊಂದು ಸಂದರ್ಭ ಊಹಿಸಿಕೊಳ್ಳಿ. ಎಂಟನೇ ತರಗತಿಯ ಐದು ಜನ ಗೆಳತಿಯರದು ಒಂದು ವಾಟ್ಸ್ಆ್ಯಪ್ ಗುಂಪು. ರಾತ್ರಿ 10.40. ಒಬ್ಬಳು "ಮಲ್ಕೊಂಡ್ರಾ?" ಎಂದು ಕಳಿಸುತ್ತಾಳೆ. ಉಳಿದ ನಾಲ್ವರ ಫೋನು ಸದ್ದು ಮಾಡುತ್ತದೆ. ಐವರೂ ಒಂದೊಂದು ಸಂದೇಶ ಕಳಿಸಿದರೆ ಒಟ್ಟು ಸದ್ದು 5 × 4 = 20. ಹತ್ತು ಜನರ ಗುಂಪಾದರೆ 10 × 9 = 90. ನಲವತ್ತು ಮಕ್ಕಳ ಇಡೀ ತರಗತಿಯೇ ಗುಂಪಿನಲ್ಲಿದ್ದರೆ? ನೀವೇ ಗುಣಿಸಿ ನೋಡಿ. ಗುಂಪು ದೊಡ್ಡದಾದಂತೆ ಸದ್ದು ಎಷ್ಟು ವೇಗವಾಗಿ ಬೆಳೆಯುತ್ತದೆ ಎಂಬುದು ಆಶ್ಚರ್ಯ ತರುತ್ತದೆ.

ಈಗ ಮುಖ್ಯವಾದ ಪ್ರಶ್ನೆ. ಆ ಐವರಲ್ಲಿ ಯಾರಿಗೆ ಎಚ್ಚರವಾಗಿರಲು ಇಷ್ಟವಿತ್ತು? ಯಾರಿಗೂ ಇಲ್ಲದಿರಬಹುದು! ಮೊದಲನೆಯವಳಿಗೆ ಕಣ್ಣು ಕೂರುತ್ತಿವೆ. ಆದರೆ ಉಳಿದವರು ಮಾತಾಡುತ್ತಿರುತ್ತಾರೆ, ತಾನೊಬ್ಬಳೇ ಮಲಗಿದರೆ ನಾಳೆ ಅವರೆಲ್ಲಾ ನಗುವ ಮಾತು ತನಗೆ ಅರ್ಥವಾಗುವುದಿಲ್ಲ ಎಂಬ ಅಳುಕು. ಎರಡನೆಯವಳಿಗೂ ಅದೇ ಅಳುಕು. ಸಂದೇಶ ಓದಿದ್ದಕ್ಕೆ ನೀಲಿ ಗೀಟು ಬಿದ್ದಿದೆ. ಉತ್ತರ ಕೊಡದಿದ್ದರೆ "ನೋಡಿದರೂ ಸುಮ್ಮನಿದ್ದಾಳೆ" ಎಂದುಕೊಂಡಾರು. ಹೀಗೆ ಐವರೂ ಒಬ್ಬರಿಗಾಗಿ ಒಬ್ಬರು ಎಚ್ಚರವಾಗಿದ್ದಾರೆ. ಯಾರಿಗೂ ಬೇಡವಾದದ್ದನ್ನು ಎಲ್ಲರೂ ಸೇರಿ ಮಾಡುತ್ತಿದ್ದಾರೆ.

ಇದು ಮನಸ್ಸಿನ ದೌರ್ಬಲ್ಯ ಎಂದುಕೊಳ್ಳಬೇಡಿ. ಹದಿಹರೆಯದ ಮಿದುಳು ಗೆಳೆಯರ ಅಭಿಪ್ರಾಯಕ್ಕೆ ಹೆಚ್ಚು ಬೆಲೆ ಕೊಡುವಂತೆಯೇ ಬೆಳೆಯುತ್ತದೆ. ತಂದೆ ತಾಯಿಯ ನೆರಳಿನಿಂದ ಹೊರಬಂದು ನಾಲ್ಕು ಜನರ ನಡುವೆ ಬದುಕಲು ಅದು ಬೇಕೇ ಬೇಕು. ಅಮೆರಿಕದ ಲಾಸ್ ಏಂಜಲಿಸ್ ನಗರದ ವಿಶ್ವವಿದ್ಯಾಲಯದಲ್ಲಿ 13ರಿಂದ 18 ವರ್ಷದ 32 ಮಕ್ಕಳಿಗೆ ಹಲವಾರು ಫೋಟೋಗಳನ್ನು ತೋರಿಸಿ, ಅದೇ ಹೊತ್ತಿಗೆ ಅವರ ಮಿದುಳಿನ ಚಟುವಟಿಕೆಯನ್ನು ಯಂತ್ರದಿಂದ ಗಮನಿಸಿದರು. ಅದು 2016ರಲ್ಲಿ ಪ್ರಕಟವಾಯಿತು. ಫೋಟೋಗಳ ಕೆಳಗೆ ಲೈಕ್‌ಗಳ ಸಂಖ್ಯೆ ಇತ್ತು. ಅದನ್ನು ಹಾಕಿದವರು ಸಂಶೋಧಕರೇ, ಮಕ್ಕಳಿಗೆ ಅದು ಗೊತ್ತಿರಲಿಲ್ಲ. ತಮ್ಮ ಫೋಟೋಗೆ ಹೆಚ್ಚು ಲೈಕ್ ಬಂದದ್ದನ್ನು ಕಂಡಾಗ ಮಿದುಳಿನಲ್ಲಿ ಬಹುಮಾನ ಸಿಕ್ಕಾಗ ಚುರುಕಾಗುವ ಭಾಗವೇ ಚುರುಕಾಯಿತು. ಇನ್ನೂ ವಿಚಿತ್ರವೆಂದರೆ, ಒಂದೇ ಫೋಟೋಗೆ ಹೆಚ್ಚು ಲೈಕ್ ಇದೆಯೆಂದು ತೋರಿಸಿದಾಗ ಹೆಚ್ಚು ಮಕ್ಕಳು ಅದನ್ನು ಮೆಚ್ಚಿದರು. ಕಡಿಮೆ ಇದೆಯೆಂದು ತೋರಿಸಿದಾಗ ಮೆಚ್ಚಿದವರೂ ಕಡಿಮೆ. ಫೋಟೋ ಬದಲಾಗಿರಲಿಲ್ಲ, ಇತರರು ಏನೆಂದುಕೊಂಡಿದ್ದಾರೆ ಎಂಬುದು ಮಾತ್ರ ಬದಲಾಗಿತ್ತು.

ಫೋನು ಮುಚ್ಚಿ ದಿಂಬಿನ ಕೆಳಗೆ ಇಟ್ಟುಕೊಂಡರೆ ಮುಗಿಯಿತೇ? ಶೇಂಗಾ ಬಲಿಯುವ ಕಾಲದಲ್ಲಿ ಕಾಡುಹಂದಿ, ಕರಡಿ ಬಾರದಂತೆ ಹೊಲ ಕಾಯುವವರನ್ನು ನೀವು ನೋಡಿದ್ದೀರಿ. ಅಟ್ಟಣೆಯ ಮೇಲೆ ಮಲಗಿದ್ದರೂ ಅವರ ಒಂದು ಕಿವಿ ಹೊಲದ ಕಡೆಗೇ ಇರುತ್ತದೆ. ಬೆಳಿಗ್ಗೆ ಎದ್ದಾಗ "ಮಲಗಿದ್ದೆ, ಆದರೆ ನಿದ್ದೆಯಾಗಲಿಲ್ಲ" ಎನ್ನುತ್ತಾರೆ. ಸಂದೇಶ ಬರಬಹುದೆಂದು ಕಾಯುವವರ ನಿದ್ದೆಯೂ ಹಾಗೆಯೇ. ವ್ಯತ್ಯಾಸ ಇಷ್ಟೇ, ಹೊಲ ಕಾಯುವುದು ಶೇಂಗಾ ಕೀಳುವವರೆಗೆ ಮಾತ್ರ.

"ಸಾರ್, ನಮ್ಮ ತಾತ ರಾತ್ರಿಯೆಲ್ಲಾ ಬಯಲಾಟ ನೋಡುತ್ತಿದ್ದರಂತೆ, ಅವರಿಗೇನಾಯಿತು?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆ, ಗೌರಸಮುದ್ರದ ಮಾರಮ್ಮನ ಜಾತ್ರೆ ಎಂದರೆ ನಿದ್ದೆಗೆಡುವುದು ಇದ್ದದ್ದೇ. ಆದರೆ ಅದು ವರ್ಷಕ್ಕೊಮ್ಮೆ. ಮರುದಿನ ಊರಿಗೆ ಊರೇ ಮಧ್ಯಾಹ್ನದವರೆಗೆ ಮಲಗಿರುತ್ತದೆ, ಯಾರೂ ಯಾರನ್ನೂ ಬೈಯುವುದಿಲ್ಲ. ದಿನಾ ರಾತ್ರಿ ಜಾತ್ರೆಯಾದರೆ, ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ನಿಲ್ಲಬೇಕಾದರೆ ಕಥೆ ಬೇರೆ.

ನಿದ್ದೆ ಕೆಟ್ಟರೆ ಏನಾಗುತ್ತದೆ?

ಹಗಲು ಕಲಿತದ್ದನ್ನು ಮಿದುಳು ನಿದ್ದೆಯಲ್ಲಿ ಜೋಡಿಸಿ ಇಡುತ್ತದೆ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಗಾಢ ನಿದ್ದೆಯಲ್ಲಿ ಒಸರುತ್ತದೆ. ಇವನ್ನು ನೀವು ಕೇಳಿರುತ್ತೀರಿ. ಕಡಿಮೆ ಜನರಿಗೆ ಗೊತ್ತಿರುವುದು ಇನ್ನೊಂದು. ಮಿದುಳಿನೊಳಗೆ ಬಾದಾಮಿ ಆಕಾರದ ಒಂದು ಭಾಗವಿದೆ. ಭಯ, ಸಿಟ್ಟು ಮುಂತಾದ ಭಾವನೆಗಳಿಗೆ ಅದು ಬೇಗ ಸ್ಪಂದಿಸುತ್ತದೆ. ಹಣೆಯ ಹಿಂದಿನ ಮಿದುಳಿನ ಭಾಗ ಅದನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. 2007ರ ಒಂದು ಪ್ರಯೋಗದಲ್ಲಿ ಒಂದು ರಾತ್ರಿ ನಿದ್ದೆಗೆಟ್ಟ ಯುವಜನರಿಗೆ ಅಹಿತಕರ ಚಿತ್ರಗಳನ್ನು ತೋರಿಸಿದರು. ನಿದ್ದೆ ಮಾಡಿದವರಿಗಿಂತ ಅವರಲ್ಲಿ ಆ ಬಾದಾಮಿ ಭಾಗ ಬಹಳ ಹೆಚ್ಚು ಕೆರಳಿತು. ಲಗಾಮು ಸಡಿಲವಾಗಿತ್ತು. ಈಗ ಯೋಚಿಸಿ: ಗೆಳೆತನ ಉಳಿಸಿಕೊಳ್ಳಲು ರಾತ್ರಿ ಎದ್ದಿದ್ದವಳು ಮರುದಿನ ಸಣ್ಣ ಮಾತಿಗೆ ಅದೇ ಗೆಳತಿಯ ಮೇಲೆ ರೇಗಿದರೆ ಆಶ್ಚರ್ಯವೇನು?

ಒಂದು ಎಚ್ಚರಿಕೆ. ಹೆಚ್ಚು ಫೋನು ನೋಡುವ ಮಕ್ಕಳಲ್ಲಿ ಬೇಸರ ಹೆಚ್ಚು ಎಂದು ಅಂಕಿ ಅಂಶ ತೋರಿಸಿದರೆ ಫೋನೇ ಕಾರಣ ಎಂದು ತಕ್ಷಣ ಹೇಳುವಂತಿಲ್ಲ. ಬೇಸರವಾಗಿ ನಿದ್ದೆ ಬಾರದವರು ಫೋನು ಹಿಡಿದಿರಲೂಬಹುದು. ಎರಡೂ ದಿಕ್ಕಿನಲ್ಲಿ ನಡೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ತಂತ್ರಜ್ಞಾನದ ಅತಿಬಳಕೆಯಿಂದ ತೊಂದರೆಗೆ ಒಳಗಾದವರಿಗಾಗಿ 2014ರಲ್ಲಿ ಒಂದು ವಿಭಾಗವನ್ನೇ ತೆರೆದರು. ರಾತ್ರಿ ಬರುವ ಸಂದೇಶಗಳಲ್ಲಿ ಯಾರಾದರೂ ಹೆದರಿಸುತ್ತಿದ್ದರೆ, ಅವಮಾನ ಮಾಡುತ್ತಿದ್ದರೆ ಅದು ನಿದ್ದೆಯ ಪಾಠಕ್ಕಿಂತ ದೊಡ್ಡ ವಿಷಯ. ಮನೆಯವರಿಗೋ ನಿಮಗೆ ಹತ್ತಿರದ ಶಿಕ್ಷಕರಿಗೋ ಹೇಳಿ. ಮಕ್ಕಳ ಸಹಾಯವಾಣಿ 1098. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡಕ್ಕೂ ಹಣ ಕೊಡಬೇಕಿಲ್ಲ.

ಒಬ್ಬರಿಂದ ಆಗದ್ದು

"ಒಂಬತ್ತಕ್ಕೆ ಫೋನು ಇಡು" ಎಂದು ಅಮ್ಮ ಹೇಳುತ್ತಾರೆ. ಹೇಳಿದ್ದು ಸರಿ. ಆದರೆ ಐವರಲ್ಲಿ ಒಬ್ಬಳೇ ಇಟ್ಟರೆ ಅವಳಿಗೆ ನಷ್ಟ, ಐವರೂ ಇಟ್ಟರೆ ಯಾರಿಗೂ ನಷ್ಟವಿಲ್ಲ. ನಮ್ಮ ನೆರೆಯ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯವರಿಗೆ ಇದು ಹೊಳೆದಿತ್ತು. 2022ರಲ್ಲಿ ಅಲ್ಲಿ ಒಂದು ಪದ್ಧತಿ ಶುರುವಾಯಿತು. ಸಂಜೆ ಏಳಕ್ಕೆ ದೇವಸ್ಥಾನದ ಸೈರನ್ ಕೂಗುತ್ತದೆ. ಆಗ ಇಡೀ ಊರು ಒಂದೂವರೆ ಗಂಟೆ ಟಿ.ವಿ., ಮೊಬೈಲು ಬಂದ್ ಮಾಡಬೇಕು. ಮಕ್ಕಳು ಓದಬಹುದು, ದೊಡ್ಡವರು ಮಾತಾಡಬಹುದು. ಸೈರನ್‌ನ ಗುಟ್ಟು ಅದರ ಸದ್ದಿನಲ್ಲಿಲ್ಲ. ಎಲ್ಲರಿಗೂ ಒಂದೇ ಹೊತ್ತಿಗೆ ಕೇಳುತ್ತದೆ ಎಂಬುದರಲ್ಲಿದೆ.

ಮಾಡಿ ನೋಡಿ

ಇದನ್ನು ನಿಮ್ಮ ತರಗತಿಯಲ್ಲೇ ಪರೀಕ್ಷಿಸಬಹುದು. ಎರಡು ವಾರ ಬೇಕು. ಪ್ರತಿಯೊಬ್ಬರೂ ಒಂದು ಹಾಳೆಯಲ್ಲಿ ದಿನಾಂಕ, ಮಲಗಿದ ಹೊತ್ತು, ಎದ್ದ ಹೊತ್ತು, ನಡುವೆ ಎಷ್ಟು ಸಲ ಎಚ್ಚರವಾಯಿತು, ಯಾಕೆ ಎಂಬ ಕಂಬಗಳನ್ನು ಗೀಚಿಕೊಳ್ಳಿ. "ಯಾಕೆ" ಎಂಬಲ್ಲಿ ಇದ್ದದ್ದನ್ನೇ ಬರೆಯಿರಿ: ಫೋನು, ಸೊಳ್ಳೆ, ಸೆಕೆ, ಮೂರು ಫೇಸ್ ಕರೆಂಟು ಬಂತೆಂದು ಅಪ್ಪ ಮೋಟರ್ ಹಾಕಲು ಎದ್ದದ್ದು, ಏನಾದರೂ ಸರಿ. ಕೊನೆಯ ಕಂಬದಲ್ಲಿ ಬೆಳಿಗ್ಗೆಯ ಉಲ್ಲಾಸಕ್ಕೆ 1ರಿಂದ 5ರವರೆಗೆ ಅಂಕ ಕೊಟ್ಟುಕೊಳ್ಳಿ.

ಮೊದಲ ವಾರ ಏನನ್ನೂ ಬದಲಿಸಬೇಡಿ. ಎರಡನೇ ವಾರಕ್ಕೆ ಮುಂಚೆ ತರಗತಿಯವರೆಲ್ಲಾ ಕುಳಿತು ಒಂದು ಹೊತ್ತು ಗೊತ್ತುಮಾಡಿ. ಒಂಬತ್ತೋ ಒಂಬತ್ತೂವರೆಯೋ, ಅದು ನಿಮ್ಮ ತೀರ್ಮಾನ. ಆ ಹೊತ್ತಿನ ನಂತರ ಯಾರೂ ಯಾರಿಗೂ ಸಂದೇಶ ಕಳಿಸುವಂತಿಲ್ಲ. ಕಳಿಸಿದರೂ ಉತ್ತರ ಬೆಳಿಗ್ಗೆಯೇ. ಫೋನು ಹಾಸಿಗೆಯಿಂದ ದೂರ, ಗೋಡೆಯ ಗೂಡಿನಲ್ಲೋ ಅಡುಗೆಮನೆಯಲ್ಲೋ ಇರಲಿ. ಅಲಾರಂ ಬೇಕು ಎಂದು ನೆಪ ಹೇಳುವವರಿಗೆ ಉತ್ತರ: ಅಡುಗೆಮನೆಯಲ್ಲಿ ಕೂಗಿದರೂ ಅಲಾರಂ ಕೇಳುತ್ತದೆ, ನಿಲ್ಲಿಸಲು ಎದ್ದು ಹೋಗಲೇಬೇಕಾದ್ದರಿಂದ ಇನ್ನೂ ಒಳ್ಳೆಯದು.

ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದವರೂ ಹಾಳೆ ತುಂಬಿಸಬೇಕು. ಅವರು ನಿಮ್ಮ ಹೋಲಿಕೆಯ ಗುಂಪು. ಅವರಿಲ್ಲದಿದ್ದರೆ ಬದಲಾವಣೆ ಫೋನಿನಿಂದ ಬಂತೋ ಚಳಿ ಶುರುವಾದದ್ದರಿಂದ ಬಂತೋ ತಿಳಿಯುವುದಿಲ್ಲ. ಮದುವೆ, ಜಾತ್ರೆ, ಪರೀಕ್ಷೆ ಇದ್ದ ದಿನಗಳಿಗೆ ನಕ್ಷತ್ರದ ಗುರುತು ಹಾಕಿ.

ಎರಡು ವಾರಗಳ ನಿದ್ದೆಯ ಸರಾಸರಿಯನ್ನು ಬೇರೆ ಬೇರೆಯಾಗಿ ತೆಗೆಯಿರಿ. ಸರಾಸರಿ ತೆಗೆಯುವಾಗ ಗಂಟೆಗಳನ್ನು ಮೊದಲು ನಿಮಿಷಕ್ಕೆ ತಿರುಗಿಸಿಕೊಳ್ಳಿ, 8.30 ಎಂದರೆ ಎಂಟೂವರೆ ಗಂಟೆಯೇ ಹೊರತು ದಶಮಾಂಶವಲ್ಲ. ಬೆಳಗಿನ ಅಂಕಗಳ ಸರಾಸರಿಯನ್ನೂ ತೆಗೆಯಿರಿ. ವ್ಯತ್ಯಾಸವೇ ಕಾಣದಿದ್ದರೆ ಹಾಗೆಯೇ ಬರೆಯಿರಿ, ಅದೂ ಫಲಿತಾಂಶವೇ. ಯಾರು ಒಪ್ಪಂದ ಮುರಿದರು, ಯಾವ ರಾತ್ರಿ, ಮೊದಲ ಸಂದೇಶ ಯಾವುದರ ಬಗ್ಗೆ ಇತ್ತು ಎಂದು ಹೆಸರಿಲ್ಲದೆ ಗುರುತು ಮಾಡಿಕೊಳ್ಳಿ. ಈ ಪ್ರಯೋಗದಲ್ಲಿ ನನಗೆ ಹೆಚ್ಚು ಕುತೂಹಲ ಇರುವುದು ಅದರ ಬಗ್ಗೆಯೇ.

ಲೇಖನದ ಆರಂಭದಲ್ಲಿ ಅಂಚಿನಲ್ಲಿ ಬರೆದ ಸಂಖ್ಯೆಯನ್ನು ಎರಡೂ ಸರಾಸರಿಗಳ ಪಕ್ಕದಲ್ಲಿ ಇಟ್ಟು ನೋಡಿ. ಇಡೀ ತರಗತಿಯ ಕೋಷ್ಟಕವನ್ನು ಹೆಸರುಗಳ ಬದಲು ಸಂಖ್ಯೆ ಹಾಕಿ ಗೋಡೆ ಪತ್ರಿಕೆಯಲ್ಲಿ ಅಂಟಿಸಿ. ಒಂದು ಪ್ರತಿಯನ್ನು ನಿಮ್ಮ ವಿಜ್ಞಾನ ಶಿಕ್ಷಕರ ಕೈಗೆ ಕೊಡಿ.